ದೊಡ್ಡಮ್ಮ ಸೇದಿದ ಮದ್ದು

ನನಗೆ ಮಾತ್ರೆ ನುಂಗಲು ಬರುವುದಿಲ್ಲ.

ಈ ಮಾತನ್ನು ಇನ್ಯಾರಾದರೂ ಹೇಳಿದ್ದರೆ ನೀವು ಅಯ್ಯೋ ಪಾಪ ಅನ್ನುತ್ತಿದ್ದಿರಿ. ನಾನು ಹೇಳಿದರೆ ನಗುತ್ತೀರಿ. ಯಾಕೆಂದರೆ ಮಧುಗಿರಿಯಲ್ಲಿ ನನ್ನದೇ ಒಂದು ಮೆಡಿಕಲ್ ಸ್ಟೋರ್ ಇದೆ. ಇಪ್ಪತ್ತೈದು ವರ್ಷಗಳಿಂದ ಸುತ್ತಲ ನಾಲ್ಕು ತಾಲ್ಲೂಕಿನ ಜನಕ್ಕೆ "ಊಟ ಆದ್ಮೇಲೆ ಒಂದು ನುಂಗಿ, ಏನೂ ಆಗಲ್ಲ" ಎಂದು ಧೈರ್ಯ ಹೇಳುವುದೇ ನನ್ನ ಕಸುಬು. ಹಾಗೆ ಧೈರ್ಯ ಹೇಳುವ ನನ್ನ ಮೇಜಿನ ಡ್ರಾಯರಿನಲ್ಲಿ ಸದಾ ಒಂದು ಬಾಳೆಹಣ್ಣು ಇರುತ್ತದೆ. ಮಾತ್ರೆ ನುಂಗುವ ದಿನ ಬಂದರೆ ಶಟರನ್ನು ಅರ್ಧ ಇಳಿಸಿ, ಹಣ್ಣಿನ ತುಂಡಿನೊಳಗೆ ಮಾತ್ರೆಯನ್ನು ಹುದುಗಿಸಿ, ಕಣ್ಣು ಮುಚ್ಚಿ ಗುಳುಂ ಮಾಡುತ್ತೇನೆ. ನೀರಿನಲ್ಲಿ ನುಂಗಲು ಹೋದರೆ ನೀರು ಒಳಗೆ ಹೋಗುತ್ತದೆ, ಮಾತ್ರೆ ನಾಲಿಗೆಯ ಮೇಲೆ ಸೀಟು ಹಿಡಿದವರ ಹಾಗೆ ಕೂತಿರುತ್ತದೆ. ಆಮೇಲೆ ಅದು ಕರಗಲು ಶುರುವಾಗುತ್ತದೆ. ಆ ಕಹಿಯನ್ನು ನಾನು ಶತ್ರುಗಳಿಗೂ ಬಯಸುವುದಿಲ್ಲ, ಶತ್ರುಗಳು ನನ್ನ ಗಿರಾಕಿಗಳಾಗಿದ್ದರೂ ಸರಿಯೆ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ತುಮಕೂರಿನಲ್ಲಿ ಫಾರ್ಮಸಿ ಓದುವಾಗ ಪರೀಕ್ಷೆಗೆ ಖಾಯಂ ಒಂದು ಪ್ರಶ್ನೆ ಬರುತ್ತಿತ್ತು: ಮದ್ದನ್ನು ದೇಹಕ್ಕೆ ಕೊಡುವ ಮಾರ್ಗಗಳು ಯಾವುವು, ಅವುಗಳ ಅನುಕೂಲ ಅನನುಕೂಲಗಳೇನು? ನಾನು ಪುಟಗಟ್ಟಲೆ ಬರೆದು ಬಂದಿದ್ದೆ. ಬಾಯಿಯ ಮಾರ್ಗದ ಅನುಕೂಲಗಳಲ್ಲಿ ಮೊದಲನೆಯದು "ಅತ್ಯಂತ ಸುಲಭ" ಎಂದು ಅಡಿಗೆರೆ ಎಳೆದು ಬರೆದಿದ್ದೆ. ಆ ದಿನ ಬೆಳಿಗ್ಗೆ ಜ್ವರದ ಮಾತ್ರೆಯನ್ನು ಇಡ್ಲಿಯೊಳಗೆ ಇಟ್ಟುಕೊಂಡು ತಿಂದು ಪರೀಕ್ಷೆಗೆ ಹೋಗಿದ್ದವಳು ನಾನು. ಒಳ್ಳೆಯ ಅಂಕವೂ ಬಂತು. ಪುಸ್ತಕಕ್ಕೆ ಗಂಟಲಿಲ್ಲವಲ್ಲ, ಅದು ಏನು ಬೇಕಾದರೂ ಹೇಳುತ್ತದೆ.

ಆ ಪುಸ್ತಕದಲ್ಲಿ ಮೈಗೆ ಇರುವ ಬಾಗಿಲುಗಳೆಲ್ಲ ಇದ್ದವು. ಬಾಯಿ, ನಾಲಿಗೆಯ ಅಡಿ, ಮೂಗು, ಕಣ್ಣು, ಕಿವಿ, ಚರ್ಮ, ಆಮೇಲೆ ಬಾಗಿಲೇ ಇಲ್ಲದ ಕಡೆ ಸೂಜಿಯಿಂದ ನಾವೇ ಕೊರೆದುಕೊಳ್ಳುವ ಬಾಗಿಲು. ಕೊನೆಯಲ್ಲಿ ಇನ್ನೊಂದು ಬಾಗಿಲು ಇತ್ತು. ಅದನ್ನು ನಮ್ಮ ಮೇಷ್ಟ್ರು ಕಪ್ಪು ಹಲಗೆಯ ಕಡೆ ತಿರುಗಿಕೊಂಡು, ಇಂಗ್ಲಿಷಿನಲ್ಲಿ, ಬೇಗ ಬೇಗ ಹೇಳಿ ಅಳಿಸಿಬಿಟ್ಟರು. ಹುಡುಗಿಯರು ನಾವು ನಾಲ್ವರೂ ತಲೆ ಬಗ್ಗಿಸಿ ಬರೆದುಕೊಂಡೆವು. ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದರ ಫಲ ಉಂಡದ್ದು ಪಾವಗಡದ ಆಚೆ ಕ್ಯಾತಗಾನಚೆರ್ಲು ಕಡೆಯ ಒಬ್ಬ ತೆಲುಗು ಪುಣ್ಯಾತ್ಮ.

ಆತ ಸೋಲಾರ್ ಪಾರ್ಕಿನಲ್ಲಿ ಕಾವಲು ಕೆಲಸದವನು. ಇಡೀ ದಿನ ಬಿಸಿಲಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತು ಮೂಲವ್ಯಾಧಿ ಹತ್ತಿಸಿಕೊಂಡಿದ್ದ. ಡಾಕ್ಟರು ಹಿಂಬಾಗಿಲಿನಿಂದ ಇಡುವ ಬತ್ತಿಯಂಥ ಮದ್ದನ್ನು ಬರೆದುಕೊಟ್ಟಿದ್ದರು. ನಾನು ಆಗೇನೂ ಹೊಸದಾಗಿ ಅಂಗಡಿ ಇಟ್ಟವಳಲ್ಲ, ಮಕ್ಕಳಿಬ್ಬರ ತಾಯಿ. ಆದರೂ ಪಕ್ಕದಲ್ಲಿ ಇನ್ನಿಬ್ಬರು ಗಂಡಸರು ಕೆಮ್ಮಿನ ಔಷಧಿಗೆ ನಿಂತಿದ್ದರು. ಮರ್ಯಾದೆಯಾಗಿ ಹೇಳಬೇಕೆಂದು ಧ್ವನಿ ತಗ್ಗಿಸಿ, "ಇದನ್ನ ಕೆಳಗಿಂದ ತಗೋಬೇಕು" ಎಂದೆ. ಆತ ಬಹಳ ಗಂಭೀರವಾಗಿ ತಲೆ ಆಡಿಸಿ ಹೋದ. ಮೂರನೆಯ ದಿನ ಬಂದು ಮದ್ದಿನ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟ.

"ಮೇಡಂ, ಇದಿ ಮಾತ್ರ ಕಾದು, ಕೊವ್ವೊತ್ತಿ!" ಎಂದ. ಮಾತ್ರೆಯಲ್ಲ, ಮೇಣದಬತ್ತಿ ಇದು ಅಂತ. "ನೀವೇಳಿದಂಗೇ ಕೆಳಗಿಂದ್ಲೇ ತಗೊಂಡೆ. ನೋಡ್ರಿ, ಮ್ಯಾಲಿನ್ವು ಅಂಗೇ ಅವೆ. ಬಾಯೆಲ್ಲ ಮೆತ್ಕೊಂತೈತೆ, ನೋವು ಮಾತ್ರ ತಗ್ಗಲೇ ಇಲ್ಲ!"

ನೋಡಿದೆ. ಪಟ್ಟಿಯಲ್ಲಿ ಕೆಳಗಿನ ಎರಡು ಖಾಲಿ, ಮೇಲಿನ ಮೂರು ಹಾಗೇ ಇದ್ದವು. ನನ್ನ ಮಾತನ್ನು ಅಕ್ಷರಶಃ ಪಾಲಿಸಿದ ಗಿರಾಕಿ ಅವನೊಬ್ಬನೇ. ಆವತ್ತಿನಿಂದ ನಾನು ನಾಚಿಕೆ ಬಿಟ್ಟು, ಕೂರುವ ಜಾಗ ಎಂದು ಬಾಯಿ ತುಂಬ ಹೇಳುತ್ತೇನೆ, ಬೇಕಾದರೆ ಕೈ ತೋರಿಸಿಯೂ ಹೇಳುತ್ತೇನೆ. ಮದ್ದು ತಪ್ಪಾದರೆ ಬದಲಾಯಿಸಿ ಕೊಡಬಹುದು, ಮಾತು ಹೋಗಿ ಕೂತರೆ ತೆಗೆಯುವುದು ಕಷ್ಟ ಎಂದು ಆವತ್ತೇ ಕಲಿಯಬೇಕಿತ್ತು. ಪೂರ್ತಿ ಕಲಿಯಲಿಲ್ಲ. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ನಾಲಿಗೆಯ ಅಡಿಯ ಮಾರ್ಗದ ಅನುಕೂಲವೆಂದರೆ ಮದ್ದು ಬಹಳ ಬೇಗ ರಕ್ತಕ್ಕೆ ಸೇರುತ್ತದೆ. ಅನನುಕೂಲವನ್ನು ಶಿರಾದ ಒಬ್ಬ ಚಾಚಾ ನನಗೆ ಕಲಿಸಿದರು. ಎದೆನೋವು ಬಂದರೆ ಇಟ್ಟುಕೊಳ್ಳಲೆಂದು ಡಾಕ್ಟರು ಪುಟ್ಟ ಮಾತ್ರೆ ಬರೆದಿದ್ದರು. ಹುಣಸೆಹಣ್ಣಿನ ವ್ಯಾಪಾರಿ, ಮಾತೇ ಬಂಡವಾಳ. "ಜಬಾನ್ ಕೆಳ್ಗೆ ಇಟ್ಕೊಂಡಿ ಚುಪ್ ಕೂತ್ಕೋ ಅಂದ್ರೆ ಹ್ಯಾಂಗೆ ಬೇಟಿ? ದಿಲ್ ನೋವಿನ್ದು ಸಾಯಲ್ಲ ನಾನು, ಚುಪ್ ಕೂತಿದ್ರೆ ಸಾಯ್ತೀನಿ" ಎಂದು ಅರ್ಧ ಗಂಟೆ ನಿಂತು ನನಗೆ ವಿವರಿಸಿದರು.

ಇನ್ನು ಸೂಜಿಯ ವಿಷಯ ನಮ್ಮ ಸೀಮೆಯಲ್ಲಿ ಹೇಳುವುದೇ ಬೇಡ. ಸೂಜಿ ಹಾಕದ ಡಾಕ್ಟರನ್ನು ಡಾಕ್ಟರೆಂದೇ ಲೆಕ್ಕಕ್ಕೆ ಇಡುವುದಿಲ್ಲ. ಭುಜದ ನೋವಿಗೆ ಸೊಂಟದ ಕೆಳಗೆ ಸೂಜಿ ಹಾಕಿಸಿಕೊಂಡು ಬಂದ ಕೊರಟಗೆರೆಯ ರೈತರೊಬ್ಬರು ನನ್ನ ಅಂಗಡಿಯ ಮುಂದೆ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೀರು ಬೇಕಾಗಿರಾದು ಮ್ಯಾಲಿನ ಹೊಲುಕ್ಕೆ ಕಣಮ್ಮ, ಬೋರು ಕೊರ್ದಿರಾದು ಕೆಳಗ್ಲ ಹೊಲುದಾಗೆ. ಅದು ಹತ್ತಾದು ಯಾವಾಗ, ನಾನು ಗುದ್ದಲಿ ಎತ್ತಾದು ಯಾವಾಗ?" ರಕ್ತ ಮೈಯೆಲ್ಲ ಸುತ್ತುತ್ತದೆ ಎಂದು ನಾನು ಹೇಳಿದೆ. "ಕರೆಂಟೂ ಊರೆಲ್ಲ ಸುತ್ತುತೈತೆ, ನಮ್ಮನೇಗೆ ಬರ್ತೈತಾ?" ಎಂದರು. ಇಂಥ ಪ್ರಶ್ನೆಗಳಿಗೆ ನಮ್ಮ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಪುಸ್ತಕದಲ್ಲಿ ಇಲ್ಲದ ಇನ್ನೊಂದು ಮಾರ್ಗವೂ ಇದೆ. ಬೈಗುಳದ ಮಾರ್ಗ. ಅದನ್ನು ಕಂಡುಹಿಡಿದದ್ದು ನನ್ನ ದೊಡ್ಡಮ್ಮ ಗಂಗಮ್ಮ, ಅಂದರೆ ನನ್ನ ತಾಯಿಯ ಅಕ್ಕ. ದೊಡ್ಡೇರಿಗೆ ಹತ್ತಿರದ ಒಂದು ಊರು ಅವಳದು. ಬೇಸಿಗೆ ರಜೆ ಬಂದರೆ ನಮ್ಮನ್ನೆಲ್ಲ ಕೊರಟಗೆರೆಯಿಂದ ಬಸ್ಸು ಹತ್ತಿಸಿ ಅಲ್ಲಿಗೆ ಕಳಿಸುತ್ತಿದ್ದರು. ಹೋದ ಮೂರನೆಯ ದಿನಕ್ಕೆ ಹರಳೆಣ್ಣೆ ಕುಡಿಸುವ ಕಾರ್ಯಕ್ರಮ. ಬೇರೆಯವರ ಮನೆಗಳಲ್ಲಿ ಮಕ್ಕಳ ಮೂಗು ಹಿಡಿಯುತ್ತಿದ್ದರು, ಬೆಲ್ಲ ತೋರಿಸುತ್ತಿದ್ದರು. ದೊಡ್ಡಮ್ಮ ಅದೇನೂ ಮಾಡುತ್ತಿರಲಿಲ್ಲ. ಜಗಲಿಯ ಮೇಲೆ ಕಾಲು ನೀಡಿ ಕೂತು, ನನ್ನನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಎಣ್ಣೆಯ ಲೋಟ ಕೈಯಲ್ಲಿ ಹಿಡಿದು, ಬೈಯಲು ಶುರುಮಾಡುತ್ತಿದ್ದಳು.

ಅವಳು ಬೈಯುವುದನ್ನು ನೀವು ಕೇಳಬೇಕಿತ್ತು. ಬೈಗುಳ ನನ್ನ ಕೊಳೆ ಕಾಲಿನಿಂದ ಹೊರಟು, ಕೊರಟಗೆರೆಯ ನೀರಿಗೆ ಹೋಗಿ, ಅಲ್ಲಿಂದ ನನ್ನಪ್ಪನ ಸೋಮಾರಿತನವನ್ನು ಮಾತಾಡಿಸಿಕೊಂಡು, ಅಡ್ಡ ಬಂದ ಕೋಳಿಯನ್ನೂ ಸೇರಿಸಿಕೊಂಡು, ಕೆರೆ ಏರಿ ಸುತ್ತಿ ವಾಪಸ್ಸು ನನ್ನ ಬಾಯಿಗೇ ಬಂದು ನಿಲ್ಲುತ್ತಿತ್ತು. ಮಧ್ಯದಲ್ಲಿ ಎಲ್ಲೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲವೂ ಒಂದೇ ಉಸಿರಿಗೆ. ಕೇಳುತ್ತಾ ಕೇಳುತ್ತಾ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು, ಅಳಲೆಂದೋ ಬೆರಗಿನಿಂದಲೋ ಈಗ ಹೇಳಲಾರೆ. ಅಷ್ಟು ಹೊತ್ತಿಗೆ ಎಣ್ಣೆ ಒಳಗೆ. "ಹೋಯ್ತು ಕಣೇ, ಅಷ್ಟೇಯ" ಎಂದು ಬೆನ್ನು ತಟ್ಟಿ ಎಬ್ಬಿಸಿ ಕೂರಿಸುತ್ತಿದ್ದಳು. ಈ ಮಾರ್ಗದ ಅನುಕೂಲವೆಂದರೆ ನೀರು ಬೇಡ, ಬೆಲ್ಲ ಬೇಡ. ಅನನುಕೂಲವೆಂದರೆ ಒಬ್ಬರಿಗೆ ಕೊಟ್ಟ ಮದ್ದು ಬೀದಿಗೆಲ್ಲ ತಲುಪುತ್ತದೆ.

ಆ ಬೈಗುಳದ ದೊಡ್ಡ ಪಾಲು ನಮ್ಮ ದೊಡ್ಡಪ್ಪ ರಂಗಪ್ಪನವರಿಗೆ ಸಲ್ಲುತ್ತಿತ್ತು. ಅವರಿಗೆ ಬೀಡಿಯ ಚಟ. ಬೆಳಗಾಗೆದ್ದು ಒಂದು, ಹೊಲಕ್ಕೆ ಹೊರಡುವಾಗ ಒಂದು, ಬದುವಿನ ಮೇಲೆ ಕೂತು ಒಂದು. "ಯೋ, ಸೇದ್‌ಬ್ಯಾಡ. ನಿನ್ನ ಸೇದೋ ಬಾಯಿಗೆ ನನ್ನ ಕೈಯಾರೆ ಮಣ್ಣಾಕ್ತೀನಿ" ಎಂಬುದು ಆ ಮನೆಯ ಸುಪ್ರಭಾತವಾಗಿತ್ತು. ನಲವತ್ತು ವರ್ಷ ಬೈದು ಬೈದು ಕೊನೆಗೂ ಅವಳೇ ಗೆದ್ದಳು. ದೊಡ್ಡಪ್ಪ ಬೀಡಿ ಬಿಟ್ಟರು. ಸೇದುವುದು ಅಂದರೆ ಲೋಕದ ಕೆಟ್ಟ ಕೆಲಸಗಳಲ್ಲೆಲ್ಲ ಕೆಟ್ಟದ್ದು ಎಂದು ಆ ಮನೆಯ ಬೆಕ್ಕಿಗೂ ಗೊತ್ತಾಗಿತ್ತು.

ಎರಡು ವರ್ಷದ ಹಿಂದೆ ಕಡಲೇಕಾಯಿ ಬಿಡಿಸುವ ಕಾಲದಲ್ಲಿ ದೊಡ್ಡಪ್ಪ ಅಂಗಡಿಗೆ ಫೋನು ಮಾಡಿದರು. ಧ್ವನಿ ಯಾಕೋ ಸಣ್ಣಗಿತ್ತು.

"ನಾಗೀ, ನಿಮ್ಮ ದೊಡ್ಡವ್ವ ಬಯ್ಯಾದು ನಿಲ್ಲಿಸ್ಬುಟ್ಟವ್ಳೆ ಕಣಮ್ಮ."

ನಾನು ನಕ್ಕೆ. "ಒಳ್ಳೇದಾಯ್ತಲ್ಲ ದೊಡ್ಡಪ್ಪ, ಹಬ್ಬ ಮಾಡಿ."

"ನಗಬ್ಯಾಡ. ನಾಕು ದಿವ್ಸ ಆಯ್ತು. ಶುರು ಮಾಡ್ತಾಳೆ, ಅರ್ಧಕ್ಕೇ ನಿಂತೋಯ್ತದೆ. ಕಂಬ ಹಿಡ್ಕಂಡು ನಿಂತ್ಕತಾಳೆ. ಮಿಕ್ಕಿದ್ದು ನೀನೇ ತಿಳ್ಕ ಅಂತವ ಕೈಯಾಡುಸ್ತಾಳೆ. ನಂಗೆ ಭಯ ಆಯ್ತೈತೆ."

ನನ್ನ ನಗು ನಿಂತಿತು. ಮಾರನೆಯ ದಿನವೇ ಇಬ್ಬರನ್ನೂ ಮಧುಗಿರಿಗೆ ಕರೆಸಿಕೊಂಡೆ. ಬಸ್ಸು ಇಳಿದು ನನ್ನ ಅಂಗಡಿಯವರೆಗೆ ನಡೆಯಲು ದೊಡ್ಡಮ್ಮ ಎರಡು ಕಡೆ ಕೂತಳಂತೆ. ಎದೆಯೊಳಗಿನಿಂದ ಸುಯ್ ಸುಯ್ ಎಂಬ ಸದ್ದು ಕೇಳಿಸುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಇದು ದಮ್ಮು, ಬಹಳ ದಿನದಿಂದ ಒಳಗೇ ಇದ್ದದ್ದು ಕಡಲೇಕಾಯಿ ಧೂಳಿಗೆ ಎದ್ದುಕೂತಿದೆ, ದಿನಾ ಎರಡು ಹೊತ್ತು ಮದ್ದು ತಪ್ಪಿಸಬಾರದು, ತಪ್ಪಿಸಿದರೆ ಒಂದು ದಿನ ಆಸ್ಪತ್ರೆಗೆ ತರುವಷ್ಟು ಹೊತ್ತೂ ಸಿಗುವುದಿಲ್ಲ ಎಂದು ನನ್ನ ಕಡೆ ನೋಡಿ ಹೇಳಿದರು. ಬರೆದುಕೊಟ್ಟದ್ದು ಪುಡಿ ತುಂಬಿದ ಕ್ಯಾಪ್ಸೂಲು ಮತ್ತು ಅದನ್ನು ಹಾಕಿ ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುವ ಒಂದು ಪ್ಲಾಸ್ಟಿಕ್ಕಿನ ಇನ್‌ಹೇಲರು. ನೋಡಲು ಮಕ್ಕಳ ಪೀಪಿಯ ಹಾಗಿತ್ತು. "ಹೇಗೆ ತಗೊಳ್ಳೋದು ಅಂತ ನೀವೇ ಹೇಳ್ಕೊಡಿ, ನಿಮಗೆ ಗೊತ್ತಲ್ಲ" ಎಂದರು ಡಾಕ್ಟರು.

ನನಗೆ ಗೊತ್ತಿತ್ತು. ಉಸಿರಿನ ಮಾರ್ಗದ ಬಗ್ಗೆಯೇ ಒಂದೂವರೆ ಪುಟ ಬರೆದಿದ್ದೆ. ಅನುಕೂಲ: ಮದ್ದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ, ಚಿಟಿಕೆಯಷ್ಟು ಸಾಕು. ಅನನುಕೂಲ: ರೋಗಿಗೆ ಸರಿಯಾಗಿ ಹೇಳಿಕೊಡಬೇಕು. ದೊಡ್ಡಮ್ಮನನ್ನು ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂರಿಸಿ, ಪೀಪಿಯನ್ನು ಕೈಗೆ ಕೊಟ್ಟು, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದೆ: "ದೊಡ್ಡಮ್ಮ, ದಿನಾ ಬೆಳಿಗ್ಗೆ ಒಂದು, ಸಾಯಂಕಾಲ ಒಂದು ಸೇದಬೇಕು."

ದೊಡ್ಡಪ್ಪ ತಟ್ಟನೆ ನನ್ನ ಕಡೆ ತಿರುಗಿದರು. ಆಮೇಲೆ ನಲವತ್ತು ವರ್ಷದಿಂದ ಕಟ್ಟಿಟ್ಟಿದ್ದ ನಗುವೆಲ್ಲ ಒಂದೇ ಸಲ ಹೊರಗೆ ಬಂತು. ಮೇಜು ಹಿಡಿದುಕೊಂಡು ನಕ್ಕರು. "ಊಟ ಆದ್ಮ್ಯಾಲೆ ಒಂದು ಸೇದು ಗಂಗೀ, ಬಲೇ ಮಜಾ ಇರ್ತೈತೆ!" ಔಷಧಿಗೆ ನಿಂತಿದ್ದ ಇಬ್ಬರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ದೊಡ್ಡಮ್ಮ ನಗಲಿಲ್ಲ. ಬೈಯಲೂ ಇಲ್ಲ. ಪೀಪಿಯನ್ನು ಸೆರಗಿನಲ್ಲಿ ಮುಚ್ಚಿ ಚೀಲದೊಳಗೆ ಇಟ್ಟುಕೊಂಡಳು. "ಆಯ್ತು ಬುಡು" ಎಂದಳು. ಆ ಎರಡು ಮಾತಿಗೆ ನಾನು ಆಗಲೇ ಹೆದರಬೇಕಿತ್ತು.

ಒಂದು ತಿಂಗಳಾಯಿತು. ಫೋನು ಮಾಡಿದಾಗಲೆಲ್ಲ ತಗೋತಿದ್ದೀನಿ ತಗೋತಿದ್ದೀನಿ ಎನ್ನುತ್ತಿದ್ದಳು, ಮಾತು ಮಾತ್ರ ದಿನದಿನಕ್ಕೆ ತುಂಡು ತುಂಡು. ಕ್ಯಾಪ್ಸೂಲು ಮುಗಿದವು ಎಂದು ಮತ್ತೆ ತರಿಸಿಕೊಂಡಳು. ಮುಗಿಯುತ್ತಿವೆ ಅಂದಮೇಲೆ ತೆಗೆದುಕೊಳ್ಳುತ್ತಿದ್ದಾಳೆ, ಆದರೂ ಗುಣವಿಲ್ಲ. ನನಗೆ ಯೋಚನೆ ಹತ್ತಿತು. ಒಂದು ಭಾನುವಾರ ಅಂಗಡಿ ಮುಚ್ಚಿ ಊರಿಗೇ ಹೋದೆ.

ಪೀಪಿ ದೇವರ ಗೂಡಿನ ಹಿಂದೆ, ಹಳೆಯ ಪಂಚಾಂಗದ ಕೆಳಗೆ ಇತ್ತು. ತೆಗೆದು ನೋಡಿದೆ. ಅಂಗಡಿಯಿಂದ ಹೋದ ದಿನದ ಹಾಗೇ ಫಳಫಳ ಹೊಳೆಯುತ್ತಿತ್ತು. ಒಂದು ಕಣ ಪುಡಿಯೂ ಇರಲಿಲ್ಲ.

"ದೊಡ್ಡಮ್ಮ, ತಗೊಂಡ್ಮೇಲೆ ಕ್ಯಾಪ್ಸೂಲಿನ ಸಿಪ್ಪೆ ಉಳೀಬೇಕಲ್ಲ, ಎಲ್ಲಿ ಎಸೀತೀಯ?"

"ಸಿಪ್ಪೆ ಯಾಕುಳಿತೈತೆ," ಎಂದಳು. ಉಸಿರು ತೆಗೆದುಕೊಂಡಳು. "ನುಂಗಿದ್ಮ್ಯಾಲೆ?"

ಎರಡು ಹೊತ್ತೂ ಕಾಫಿಯ ಜೊತೆ ನುಂಗಿದ್ದಾಳೆ ಮಹಾತಾಯಿ! ಮಾತ್ರೆ ನುಂಗಲು ಬಾರದ ಮಗಳಿಗೆ, ನುಂಗಬಾರದ್ದನ್ನೂ ನುಂಗುವ ದೊಡ್ಡಮ್ಮ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

"ಅದು ಹೊಟ್ಟೆಗೆ ಹೋದ್ರೆ ಪ್ರಯೋಜನ ಇಲ್ಲ. ಎದೆಗೂಡಿಗೆ ಹೋಗ್ಬೇಕು."

"ಯಾವ ದಾರೀಲಿ ಹೋದ್ರೇನು? ಮೈ ಒಂದೇ ಅಲ್ವಾ?"

"ಪಾವಗಡದ ಬಸ್ಸು ಹತ್ತಿ ಶಿರಾದಲ್ಲಿ ಇಳೀತೀನಿ ಅಂದ್ರೆ ಆಗುತ್ತಾ?"

"ಮಧುಗಿರೀಗೆ ವಾಪಸ್ ಬಂದು..." ಎಂದು ನಿಲ್ಲಿಸಿ, ಎದೆ ನೀವಿಕೊಂಡು, "ಬ್ಯಾರೆ ಬಸ್ಸತ್ತುತೀನಿ" ಎಂದಳು. ಪ್ರಾಣ ಹೋಗುತ್ತಿದ್ದರೂ ಬಾಯಿ ಸೋಲದು.

ಅವಳ ತಕರಾರು ಏನೆಂದು ನನಗೆ ಆಗ ತಿಳಿಯಿತು. ಮದ್ದಿನ ಮೇಲಲ್ಲ, ಮಾತಿನ ಮೇಲೆ. ನಲವತ್ತು ವರ್ಷ ಗಂಡನಿಗೆ ಸೇದಬೇಡ ಎಂದವಳು ಈಗ ಅವನ ಎದುರಿಗೆ ಕೂತು ದಿನಕ್ಕೆ ಎರಡು ಸಲ ಸೇದುವುದೆಂದರೇನು? "ಹೆಂಗಸ್ರು ಸೇದೋದಾ? ನೋಡ್ದೋರು ಏನಂತಾರೆ? ಇವ್ನು ಏನಂದ, ನೀನೂ ಕೇಳುಸ್ಕಂಡಲ್ಲ. ನಕ್ಕೆಯಲ್ಲ ನೀನೂವೆ" ಎಂದಳು. ತಪ್ಪು ನನ್ನದು. ಕೆಳಗಿಂದ ಎಂದು ಹೇಳಿ ಕೆಟ್ಟವಳು, ಸೇದು ಎಂದು ಹೇಳಿ ಮತ್ತೆ ಕೆಟ್ಟಿದ್ದೆ.

ಆಯಿತು, ಆ ಮಾತು ಬೇಡ ಎಂದು ಬೇರೆ ಮಾತು ಹುಡುಕಿದೆ. "ಎಳ್ಕೋ" ಎಂದೆ. "ಬೀಡೀನೂ ಎಳೆಯಾದೇಯ" ಎಂದಳು. "ಹೀರು" ಎಂದೆ. ಬಿಸಿ ಕಾಫಿ ಹೀರಿದ ಹಾಗೆ ತುಟಿಯ ತುದಿಯಲ್ಲಿ ಸೊರ್ ಎಂದಳು, ಪುಡಿ ಅಲ್ಲೇ ಉಳಿಯಿತು. "ಮೊದ್ಲು ಉಸಿರನ್ನ ಪೂರ್ತಿ ಹೊರಗೆ ಬಿಡು" ಎಂದೆ. ಪೀಪಿಯನ್ನು ಬಾಯಲ್ಲಿಟ್ಟುಕೊಂಡೇ ಬಿಟ್ಟಳು. ಎದುರಿಗೆ ಬಗ್ಗಿ ನೋಡುತ್ತಿದ್ದ ದೊಡ್ಡಪ್ಪನ ಮೀಸೆಗೆ ಹಿಟ್ಟು ಬಳಿದ ಹಾಗಾಯಿತು. ಅವರು ಸೀನಿದರು, ನಾನು ನಕ್ಕೆ, ದೊಡ್ಡಮ್ಮನಿಗೂ ತಡೆಯಲಾರದೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಮುಂದಿನ ಐದು ನಿಮಿಷವನ್ನು ನಾನು ನೆನಪಿಸಿಕೊಳ್ಳಲು ಇಷ್ಟಪಡುವುದಿಲ್ಲ. ದೊಡ್ಡಮ್ಮ ಮುಂದಕ್ಕೆ ಬಾಗಿ, ಎರಡು ಕೈಯನ್ನೂ ನೆಲಕ್ಕೆ ಊರಿ, ಗಾಳಿಗಾಗಿ ಬಾಯಿ ತೆರೆಯುತ್ತಿದ್ದಳು. ತುಟಿ ಬಣ್ಣಗೆಟ್ಟಿತ್ತು. ನಾನು ಅವಳ ಬೆನ್ನು ನೀವುತ್ತಾ ಗಾಡಿಗೆಂದು ಫೋನು ಕೈಗೆತ್ತಿಕೊಂಡೆ, ಎರಡು ಸಲ ತಪ್ಪು ನಂಬರು ಒತ್ತಿದೆ. ಪುಟಗಟ್ಟಲೆ ಬರೆದವಳು ಕೈಲಾಗದೆ ನಿಂತಿದ್ದೆ. ಕೊನೆಗೆ ಉಸಿರು ತಾನಾಗಿಯೇ ಸ್ವಲ್ಪ ಸ್ವಲ್ಪ ಹಿಡಿತಕ್ಕೆ ಬಂತು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ದೊಡ್ಡಪ್ಪ ಮೀಸೆಯ ಪುಡಿಯನ್ನೂ ಒರೆಸಿಕೊಂಡಿರಲಿಲ್ಲ. ಅವಳ ಎದುರಿಗೆ ಬಂದು ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತರು.

"ಲೇ ಗಂಗೀ," ಎಂದರು. "ಅವತ್ತು ನಾನು ನಗಬಾರ್ದಾಗಿತ್ತು. ತಪ್ಪಾಯ್ತು."

ದೊಡ್ಡಮ್ಮ ಕಣ್ಣು ಬಿಡಲಿಲ್ಲ.

"ನೀನು ಈ ಮನೇಗೆ ಬಂದಾಗ ಊರಾಗೆ ಕೊಳಾಯಿ ಇತ್ತಾ? ಆ ಸೇದೋ ಬಾವೀಗೆ ಇಪ್ಪತ್ತು ಮಾರು ಹಗ್ಗ ಇಳಿಬುಟ್ಟು ದಿನಾ ಸೇದ್ತಿರ್ಲಿಲ್ವಾ ನೀನು? ಬ್ಯಾರೆ ಹೆಂಗಸ್ರು ಎಲ್ಡು ಕೊಡಕ್ಕೇ ಏದುಸ್ರು ಬುಡೋರು. ನೀನು ಹತ್ತು ಕೊಡ ಸೇದಾಕ್ಬುಟ್ಟು, ದಾರೀಲಿ ನನ್ನ ಬೈಕಂಡ್ ಬರ್ತಿದ್ದೆ. ಅವಾಗ ಯಾರಾನ ಅಂದ್ರಾ, ರಂಗಪ್ಪನ ಹೆಂಡ್ರು ಸೇದ್ತಾಳೆ ಅಂತವ?" ಹೇಳುತ್ತಾ ಹೇಳುತ್ತಾ ಅವರ ಎರಡು ಕೈಗಳೂ ಗಾಳಿಯಲ್ಲಿ ಹಗ್ಗ ಎಳೆಯುತ್ತಿದ್ದವು, ಒಂದರ ಮೇಲೊಂದು, ಒಂದರ ಮೇಲೊಂದು. "ಇದೂ ಅಂಗೇಯ ಅನ್ಕ. ಬೀಡಿಯಂಗೆ ಸೇದ್‌ಬ್ಯಾಡ. ನೀರಂಗೆ ಸೇದು. ನೀನು ಬಯ್ಯದೆ ಮನೆ ಬಿಕೋ ಅಂತೈತೆ ಕಣೇ."

ನಾನು ಪಕ್ಕದಲ್ಲಿ ಕೂತಿದ್ದೆ. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು, ಅದಕ್ಕೆ ನೀರಿನದೂ ಒಂದು ಅರ್ಥವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ದೊಡ್ಡಮ್ಮ ಕಣ್ಣು ಬಿಟ್ಟು ದೊಡ್ಡಪ್ಪನ ಕೈಗಳನ್ನು ನೋಡಿದಳು. "ಹಗ್ಗ ಅಂಗಿಡಿತಾರಾ?" ಎಂದಳು. "ಕೊಡ ಬಾವೀಗೇ ಬೀಳ್ತೈತೆ."

ನನ್ನ ಕಡೆ ಕೈ ಚಾಚಿದಳು. ಹೊಸ ಕ್ಯಾಪ್ಸೂಲು ಹಾಕಿ, ಪೀಪಿ ತಿರುಗಿಸಿ ಕೊಟ್ಟೆ. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಹೊರಗೆ ಬಿಟ್ಟಳು. "ಇದು ಕೊಡ ಇಳ್ಸೋದು," ಎಂದು ತನಗೆ ತಾನೇ ಹೇಳಿಕೊಂಡಳು. ಪೀಪಿ ಬಾಯಿಗಿಟ್ಟು ಸೇದಿದಳು. ತುಟಿಯ ತುದಿಯಿಂದಲ್ಲ, ಆಳದಿಂದ, ನಿಧಾನವಾಗಿ ಶುರುಮಾಡಿ ಒಂದೇ ಹಿಡಿತದಲ್ಲಿ. ಒಳಗೆ ಕ್ಯಾಪ್ಸೂಲು ಗರ್ರ್ ಎಂದು ತಿರುಗಿತು. ಆ ಸದ್ದಿಗೆ ಅವಳ ಹುಬ್ಬು ಮೇಲೇರಿತು. ಉಸಿರನ್ನು ಒಳಗೇ ಹಿಡಿದುಕೋ ಎಂದು ನಾನು ಹೇಳುವ ಮೊದಲೇ ಹಿಡಿದುಕೊಂಡಿದ್ದಳು. ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ಬಿಟ್ಟು, "ಬಾವಿ ರಾಟೆ ಸದ್ದು" ಎಂದಳು.

"ಉಸಿರು ಹಿಡ್ಕೋಬೇಕು ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಕೊಡ ಮ್ಯಾಲೆ ಬಂತು ಅಂತ ಹಗ್ಗ ಬುಡ್ತಾರೇನೇ? ದಡುಕ್ಕೆ ಎಳ್ಕಳಾಗಂಟ ಹಿಡ್ದಿರ್ಬೇಕು. ಇಷ್ಟು ಓದಿದ್ದೀಯ, ಅದೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಆ ದಿನದಿಂದ ಉಸಿರಿನ ಮದ್ದಿಗೆ ಬಂದ ಹಳ್ಳಿಯ ಹೆಂಗಸರಿಗೆಲ್ಲ ನಾನು ಬಾವಿಯ ಪಾಠವನ್ನೇ ಹೇಳುತ್ತೇನೆ. ಕೊಡ ಇಳಿಸು, ಸೇದು, ದಡಕ್ಕೆ ಬರುವವರೆಗೆ ಹಿಡಿ, ಆಮೇಲೆ ಬಾಯಿ ಮುಕ್ಕಳಿಸು. ಒಂದೇ ಸಲಕ್ಕೆ ಕಲಿಯುತ್ತಾರೆ. ತೊಂದರೆ ಬರುವುದು ಚಿಕ್ಕ ವಯಸ್ಸಿನವರಿಗೆ. ಅವರು ಬಾವಿಯನ್ನು ಕಬ್ಬಿಣದ ಜಾಲರಿ ಮುಚ್ಚಿದ ಮೇಲೆ ಹುಟ್ಟಿದವರು, ನೀರು ಸೇದುವುದನ್ನು ಕಂಡಿಲ್ಲ. ಅವರಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತೇನೆ.

ಅಂದೇ ಪವಾಡವೇನೂ ಆಗಲಿಲ್ಲ. ಮಾರನೆಯ ದಿನ ಅವಳನ್ನು ಮತ್ತೆ ಡಾಕ್ಟರಿಗೆ ತೋರಿಸಿ, ನುಂಗಿದ ಕಥೆಯನ್ನೂ ಒಪ್ಪಿಸಿದೆವು. ಅವರು ನಕ್ಕರು, ಆದರೆ ನನ್ನನ್ನು ನೋಡಿ ನಕ್ಕರು. ಆಮೇಲೆ ಪ್ರತಿ ವಾರ ದೊಡ್ಡಪ್ಪ ಫೋನಿನಲ್ಲಿ ವರದಿ ಒಪ್ಪಿಸತೊಡಗಿದರು. "ಇವತ್ತು ನಮ್ಮಪ್ಪನಗಂಟ ಬೈದ್ಲು." ಇನ್ನೊಂದು ವಾರ, "ನಮ್ಮ ತಾತನ್ನ ಮುಟ್ಟುದ್ಲು, ಆದ್ರೆ ಒಂದು ಕಡೆ ನಿಂತ್ಲು." ಬೇರೆಯವರು ಮನೆಯಲ್ಲಿ ಜ್ವರ ಇಳಿಯಿತೆಂದು ಹೇಳುವಾಗಿನ ಸಂತೋಷ ಅವರ ಧ್ವನಿಯಲ್ಲಿ.

ಹೋದ ತಿಂಗಳು ನನಗೆ ಜ್ವರ ಬಂತು. ಅಂಗಡಿಯಲ್ಲೇ ಶಟರು ಅರ್ಧ ಇಳಿಸಿ, ಮಾತ್ರೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಬಾಳೆಹಣ್ಣು ಸುಲಿಯುತ್ತಿದ್ದೆ. ತುಂಡಿನೊಳಗೆ ಹುದುಗಿಸಿ ನುಂಗುವ ಬದಲು ಈ ಸಲ ಮಾತ್ರೆಯ ಹಿಂದೆ ಹಣ್ಣು ಕಳಿಸೋಣ ಎಂದು ಹೊಸ ಪ್ರಯೋಗ ನಡೆಸಿದ್ದೆ. ಶಟರಿನ ಕೆಳಗಿನಿಂದ ಒಂದು ಸೀರೆಯ ಅಂಚು, ಅದರ ಹಿಂದೆ ಒಂದು ಪಂಚೆಯ ಅಂಚು ಕಾಣಿಸಿದವು. ದೊಡ್ಡಮ್ಮ ಬಗ್ಗಿ ಒಳಗೆ ಬಂದಳು. ನನ್ನ ಬಾಯಿ, ಕೈಯಲ್ಲಿದ್ದ ಹಣ್ಣು, ಮೇಜಿನ ಮೇಲಿದ್ದ ಮಾತ್ರೆಯ ಪಟ್ಟಿ, ಮೂರನ್ನೂ ನೋಡಿದಳು.

"ಲೇ ನಾಗೀ, ಇದೇನೇ ಇದು ನಿನ್ನ ಅವತಾರ, ಊರ ಮಂದಿಗೆಲ್ಲ ನುಂಗಿ ನುಂಗಿ ಅಂತ ಮೂರೊತ್ತೂ ಬುದ್ಧಿ ಹೇಳೋಳು ಬಾಗ್ಲಾಕ್ಕಂಡು ಕೋತಿಯಂಗೆ ಹಣ್ಣು ಸುಲ್ಕಂಡು ಕೂತಿದ್ದೀಯಲ್ಲೇ, ನಿಮ್ಮವ್ವನೂ ಇಂಗೇಯ, ಒಂದು ಗುಳಿಗೆ ನುಂಗಾಕೆ ಇಡೀ ಕೊರಟಗೆರೆ ಎಬ್ಬುಸೋಳು, ನಿಮ್ಮಪ್ಪ ಅವನೊಬ್ಬ ಪಾಪ ಲೋಟ ಹಿಡ್ಕಂಡು ಹಿಂದಿಂದೆ ಸುತ್ತೋನು, ನಿನ್ನ ಓದ್ಸಿದ್ದು ಇದುಕ್ಕೇನೇ, ಅಂಗ್ಡಿ ಇಟ್ಕೊಟ್ಟಿದ್ದು ಇದುಕ್ಕೇನೇ, ನಾಕು ಜನದ ಮುಂದೆ ನನ್ನ ಕೂರುಸ್ಬುಟ್ಟು ಸೇದು ಅಂತ ಮಾನ ಕಳ್ದೋಳು ನೀನು, ನಾನು ಈ ವಯಸ್ಸಾಗೆ ಸೇದಾದು ಕಲ್ತೆ, ಕಡ್ಲೆಬೀಜದಷ್ಟು ಮಾತ್ರೆ ನುಂಗಾದು ನಿಂಗೆ ಬರಾಕಿಲ್ವಾ, ನೀನೂ ಒಂದು ಮೆಡಿಕಲ್ ಸ್ಟೋರಾ, ನಿಂದೂ ಒಂದು ಬೋರ್ಡಾ..."

ಬೈಗುಳ ಬೋರ್ಡಿನಿಂದ ಹೊರಟು, ನನ್ನ ಗಂಡನನ್ನು ಮುಟ್ಟಿ, ಬಸ್ಸಿನ ಕಂಡಕ್ಟರನ್ನು ಹತ್ತಿಸಿಕೊಂಡು, ದೊಡ್ಡೇರಿಯ ಕಡೆ ತಿರುಗಿತು. ನಾನು ಕಾಯುತ್ತಿದ್ದೆ. ಈಗ ನಿಲ್ಲುತ್ತಾಳೆ, ಇಲ್ಲಿ ಎದೆ ಹಿಡಿದುಕೊಳ್ಳುತ್ತಾಳೆ, ಇಲ್ಲಿ ಕೈಯಾಡಿಸುತ್ತಾಳೆ. ನಿಲ್ಲಲಿಲ್ಲ. ಅವಳ ಹಿಂದೆ ನಿಂತಿದ್ದ ದೊಡ್ಡಪ್ಪ ನನಗೆ ಮಾತ್ರ ಕಾಣುವ ಹಾಗೆ ಬೆರಳು ಎತ್ತಿ ತೋರಿಸಿದರು: ಒಂದೇ ಉಸಿರು. ನನ್ನ ಕಣ್ಣು ತುಂಬಿತು. ಜ್ವರಕ್ಕೆ ಇರಬೇಕು ಎಂದುಕೊಂಡೆ, ಆದರೆ ಜ್ವರಕ್ಕಲ್ಲ.

ಬೈಗುಳ ಕೆರೆ ಏರಿ ಸುತ್ತಿ ವಾಪಸ್ಸು ಬಂದು ನನ್ನ ಬಾಯಿಯ ಮುಂದೆ ನಿಂತಿತು.

"ಹೋಯ್ತಾ?" ಎಂದಳು ದೊಡ್ಡಮ್ಮ.

"ಏನು?"

ನಾಲಿಗೆ ಆಡಿಸಿ ನೋಡಿಕೊಂಡೆ. ಬಾಯಿ ತೆರೆದೇ ಇತ್ತು. ಮಾತ್ರೆ ಇರಲಿಲ್ಲ. ನೀರಿಲ್ಲ, ಹಣ್ಣಿಲ್ಲ, ಯಾವಾಗ ಒಳಗೆ ಹೋಯಿತೋ ನನಗೇ ಗೊತ್ತಿಲ್ಲ.

"ಹೋಯ್ತು ಕಣೇ, ಅಷ್ಟೇಯ" ಎಂದು ನನ್ನ ಬೆನ್ನು ತಟ್ಟಿ, ಕೈಯಲ್ಲಿದ್ದ ಬಾಳೆಹಣ್ಣನ್ನು ಕಿತ್ತು ದೊಡ್ಡಪ್ಪನಿಗೆ ಕೊಟ್ಟಳು.